ಹಳೆಯ ಡಿಶ್ ಬುಟ್ಟಿಯಲ್ಲಿ ಹ್ಯಾಮ್ ಉಪಗ್ರಹ ಕೇಳುವುದು ಹೇಗೆ?

ಮೈಸೂರಿನ ಯಾವ ಬಡಾವಣೆಯ ತಾರಸಿ ಹತ್ತಿದರೂ ಬಳಕೆ ತಪ್ಪಿದ ಡಿಟಿಎಚ್ ಬುಟ್ಟಿಯೊಂದು ಕಣ್ಣಿಗೆ ಬೀಳುತ್ತದೆ. ಅದನ್ನು ಗುಜರಿಗೆ ಹಾಕಬೇಡಿ. ಆಗ್ನೇಯಕ್ಕೆ ಮುಖ ಮಾಡಿರುವ ಆ ಬುಟ್ಟಿಯನ್ನು ಪಶ್ಚಿಮಕ್ಕೆ ತಿರುಗಿಸಿ, ಕಂಪ್ಯೂಟರಿಗೆ ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಪೆನ್‌ಡ್ರೈವ್‌ನಂಥ ಪುಟ್ಟ ರೇಡಿಯೊ ರಿಸೀವರ್) ಒಂದನ್ನು ಚುಚ್ಚಿದರೆ, ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗಿನ ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, ಮಾತು ಮನೆಯಲ್ಲೇ ಕೇಳಿಸುತ್ತದೆ.

ಆ ಮಾತು ಹಾದುಬರುವುದು ಕತಾರ್‌ನ ಎಸ್‌ಹೇಲ್-2 ಉಪಗ್ರಹದ ಮೂಲಕ. 2018ರ ನವೆಂಬರ್‌ನಲ್ಲಿ ಉಡಾವಣೆಯಾದ ಇದರಲ್ಲಿ ಹ್ಯಾಮ್‌ಗಳಿಗೆಂದೇ ಇಟ್ಟಿರುವ ಭಾಗದ ಹೆಸರು ಕ್ಯೂಒ-100. ಭೂಸ್ಥಿರ ಕಕ್ಷೆಯಲ್ಲಿ ಹವ್ಯಾಸಿಗಳಿಗೆ ಸಿಕ್ಕ ಮೊದಲ ನೆಲೆ ಇದು. ಉಳಿದ ಹ್ಯಾಮ್ ಉಪಗ್ರಹಗಳಂತೆ ಹತ್ತು ನಿಮಿಷದಲ್ಲಿ ಹಾದುಹೋಗುವುದಿಲ್ಲ. ನಮ್ಮಿಂದ ಸುಮಾರು 38,500 ಕಿ.ಮೀ. ದೂರದಲ್ಲಿ ಆಕಾಶದ ಒಂದೇ ಜಾಗದಲ್ಲಿ ನಿಂತಿರುತ್ತದೆ.

ಅಷ್ಟು ದೂರದಿಂದ ಬರುವ ಕ್ಷೀಣ ಸಂಕೇತಕ್ಕೆ ಅಗ್ಗದ ಡಾಂಗಲ್ ಸಾಲುತ್ತದೆಯೇ? ಖಂಡಿತ ಸಾಲುತ್ತದೆ. ಯಾವ ರೇಡಿಯೊದಲ್ಲಾದರೂ ಗದ್ದಲ ಎಷ್ಟಿರಬೇಕೆಂದು ತೀರ್ಮಾನಿಸುವುದು ಸಂಕೇತವನ್ನು ಮೊದಲು ಹಿಗ್ಗಿಸುವ ಭಾಗ. ಇಲ್ಲಿ ಆ ಕೆಲಸ ಬುಟ್ಟಿಯ ತೋಳಿನ ತುದಿಯಲ್ಲಿ ಕುಳಿತಿರುವ ಎಲ್‌ಎನ್‌ಬಿಯದು. ಅದು ಚೆನ್ನಾಗಿದ್ದು ಬುಟ್ಟಿ ಸರಿಯಾಗಿ ಗುರಿಯಿಟ್ಟಿದ್ದರೆ, ಮುಂದೆ ಬರುವ 8 ಬಿಟ್‌ನ ಡಾಂಗಲ್‌ನ ಕೊರತೆಗಳು ಲೆಕ್ಕಕ್ಕೇ ಬರುವುದಿಲ್ಲ. ಹಣವನ್ನು ದುಬಾರಿ ರಿಸೀವರ್‌ಗೆ ಸುರಿಯಬೇಡಿ, ಸಮಯವನ್ನು ಬುಟ್ಟಿಗೆ ಕೊಡಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಏನೇನು ಬೇಕು

60 ಸೆಂ.ಮೀ. ಬುಟ್ಟಿ ಸಾಕು, 90 ಸಿಕ್ಕರೆ ಇನ್ನೂ ಒಳ್ಳೆಯದು. ಎಲ್‌ಎನ್‌ಬಿಯನ್ನು ಮಾತ್ರ ಬದಲಿಸಿ. ಹಳೆಯ ಮಾದರಿಯವು ಬಿಸಿಲೇರಿದಂತೆ ಆವರ್ತನ ಬಿಟ್ಟು ಜಾರುತ್ತವೆ. ಟಿವಿಗೆ ಅದು ಗೊತ್ತೇ ಆಗುವುದಿಲ್ಲ, ಮಾತಿನ ಸಂಕೇತ ಮಾತ್ರ ಕೈಗೆ ಸಿಗದೆ ಓಡುತ್ತದೆ. ಕ್ರಿಸ್ಟಲ್‌ನಿಂದ ನಡೆಯುವ ಪಿಎಲ್‌ಎಲ್ ಮಾದರಿಯ, 9750 ಮೆಗಾಹರ್ಟ್ಸ್ ಎಂದು ನಮೂದಾಗಿರುವ ಎಲ್‌ಎನ್‌ಬಿಯನ್ನು ಕೇಳಿ ತನ್ನಿ.

ಎಲ್‌ಎನ್‌ಬಿಗೆ ವಿದ್ಯುತ್ ಕೊಡಲು ಹಳೆಯ ಉಚಿತ ಚಾನೆಲ್‌ಗಳ ಸೆಟ್‌ಟಾಪ್ ಬಾಕ್ಸ್ ಒದಗುತ್ತದೆ. ನಡುವೆ ಕೇಬಲನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಹಾಕಿ: ಒಂದು ಬಾಯಿಯಿಂದ ಮಾತ್ರ ವಿದ್ಯುತ್ ದಾಟುವಂಥದ್ದು. ಬಾಕ್ಸ್ ಆ ಬಾಯಿಗೆ, ಡಾಂಗಲ್ ಇನ್ನೊಂದಕ್ಕೆ. ಇದು ತಿರುವುಮುರುವಾದರೆ 13ರಿಂದ 18 ವೋಲ್ಟ್ ನೇರ ಡಾಂಗಲ್‌ಗೆ ನುಗ್ಗಿ ಅದನ್ನು ಸುಟ್ಟುಹಾಕುತ್ತದೆ. ಆದ್ದರಿಂದ ಡಾಂಗಲ್ ಸೇರಿಸುವ ಮುನ್ನ ಆ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಲೇಬೇಕು. ಬಾಕ್ಸ್‌ನಲ್ಲಿ 11,700ಕ್ಕಿಂತ ಕೆಳಗಿನ ಯಾವುದಾದರೂ ಆವರ್ತನ ಕೊಟ್ಟಿರಿ; ಮೇಲಿನದು ಕೊಟ್ಟರೆ ಎಲ್‌ಎನ್‌ಬಿ ಬೇರೆ ಪಟ್ಟಿಗೆ ಹೊರಳಿಬಿಡುತ್ತದೆ.

ಬುಟ್ಟಿ ತಿರುಗಿಸುವುದು

ಮೈಸೂರಿನಿಂದ ಉಪಗ್ರಹ ಇರುವುದು ಉತ್ತರದಿಂದ ಪ್ರದಕ್ಷಿಣವಾಗಿ 260 ಡಿಗ್ರಿಯಲ್ಲಿ, ಅಂದರೆ ನೇರ ಪಶ್ಚಿಮದಿಂದ 10 ಡಿಗ್ರಿ ದಕ್ಷಿಣಕ್ಕೆ. ದಿಗಂತದಿಂದ ಎತ್ತರ ಸುಮಾರು 31 ಡಿಗ್ರಿ. ಮಂಡ್ಯಕ್ಕೆ ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲ. ಮೈಸೂರು ನಗರದವರಿಗೆ ಚಾಮುಂಡಿ ಬೆಟ್ಟ ಆಗ್ನೇಯಕ್ಕಿರುವುದರಿಂದ ಅದರ ಅಡ್ಡಿಯಿಲ್ಲ. ತೆಂಗಿನ ಮರದ್ದೇ ಚಿಂತೆ: ಬುಟ್ಟಿಗಿಂತ 6 ಮೀಟರ್ ಎತ್ತರದ ಮರ ಆ ದಿಕ್ಕಿನಲ್ಲಿದ್ದರೆ ಅದು 10 ಮೀಟರ್‌ಗಿಂತ ಆಚೆ ಇರಬೇಕು.

ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಪಕ್ಕದಲ್ಲಿ ನಂಬಬೇಡಿ, ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಮಾರ್ಚ್ 15ರ ಆಸುಪಾಸಿನಲ್ಲಾದರೆ ಅದೂ ಬೇಡ. ಸಂಜೆ 4.25ರ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆಯೇ ಇರುತ್ತಾನೆ. ಕಂಬದ ನೆರಳನ್ನು ತಾರಸಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿಟ್ಟುಕೊಂಡರೆ ದಿಕ್ಕು ಸಿಕ್ಕಂತೆ.

ಎತ್ತರದ ವಿಚಾರದಲ್ಲಿ ಕಣ್ಣು ಮೋಸ ಮಾಡುತ್ತದೆ. ಡಿಟಿಎಚ್ ಬುಟ್ಟಿ ತನ್ನ ಮುಖ ನೋಡುವ ಕಡೆಗಲ್ಲ, ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಕ್ಕೆ ನೋಡುತ್ತದೆ. ಹಾಗಾಗಿ 31 ಡಿಗ್ರಿಗೆ ಗುರಿಯಿಟ್ಟಾಗ ಬುಟ್ಟಿ ಆಕಾಶ ನೋಡುವಂತೆ ಕಾಣದು. ತುಸುವೇ ಹಿಂದಕ್ಕೆ ವಾಲಿ ಹೆಚ್ಚುಕಡಿಮೆ ನೆಟ್ಟಗೆ ನಿಂತು ಎದುರು ಮನೆಯ ಗೋಡೆ ನೋಡುತ್ತಿರುವಂತೆ ಇರುತ್ತದೆ. ಹಾಗೇ ಬಿಡಿ.

ಇನ್ನು ಎಲ್‌ಎನ್‌ಬಿಯ ತಿರುವು. ಉಪಗ್ರಹ ಕಳುಹಿಸುವುದು ಲಂಬ ಧ್ರುವೀಕರಣದ ಸಂಕೇತ, ಅಂದರೆ ಅದರ ಅಲೆ ನೆಟ್ಟಗೆ ಮೇಲೆ ಕೆಳಗೆ ಕಂಪಿಸುತ್ತದೆ. ಆದರೆ ನಾವು ಸಮಭಾಜಕಕ್ಕೆ ಹತ್ತಿರವಿದ್ದು, ಉಪಗ್ರಹ ಪಶ್ಚಿಮಕ್ಕೆ ಬಹಳ ಸರಿದಿರುವುದರಿಂದ ಅದು ಇಲ್ಲಿಗೆ ಬರುವಾಗ ಸುಮಾರು 74 ಡಿಗ್ರಿ ವಾಲಿ, ಬಹುಮಟ್ಟಿಗೆ ಅಡ್ಡವಾಗಿಯೇ ತಲುಪುತ್ತದೆ. ಯುರೋಪಿನವರ ಸೂಚನೆಗಳಲ್ಲಿ ‘ಎಲ್‌ಎನ್‌ಬಿ ನೆಟ್ಟಗಿಟ್ಟು 13 ವೋಲ್ಟ್ ಕೊಡಿ’ ಎಂದಿರುತ್ತದೆ; 13 ವೋಲ್ಟ್ ಎಂದರೆ ಲಂಬ ಸಂಕೇತ ಹಿಡಿ ಎಂದು ಎಲ್‌ಎನ್‌ಬಿಗೆ ಕೊಡುವ ಅಪ್ಪಣೆ. ಅದನ್ನೇ ಇಲ್ಲಿ ಪಾಲಿಸಿದರೆ ಸಂಕೇತದ ಬಹುಪಾಲು ಕೈತಪ್ಪುತ್ತದೆ. ಎಲ್‌ಎನ್‌ಬಿಯನ್ನು ನೆಟ್ಟಗಿಟ್ಟರೆ ಬಾಕ್ಸ್‌ನಲ್ಲಿ ಅಡ್ಡ ಧ್ರುವೀಕರಣ ಆರಿಸಿ 18 ವೋಲ್ಟ್ ಕೊಡಿ. ಆಮೇಲೆ ಕ್ಲಾಂಪ್ ಸಡಿಲಿಸಿ ಸ್ವಲ್ಪ ಸ್ವಲ್ಪವೇ ಹೊರಳಿಸುತ್ತ ಉತ್ತಮ ಜಾಗ ಹುಡುಕಿ.

ಪರದೆಯ ಮೇಲೆ

ಉಪಗ್ರಹದ ಧ್ವನಿಪಟ್ಟಿ 10489.5ರಿಂದ 10490 ಮೆಗಾಹರ್ಟ್ಸ್. ಎಲ್‌ಎನ್‌ಬಿ ಇದರಿಂದ 9750 ಕಳೆಯುತ್ತದೆ. ಡಾಂಗಲ್ ನೋಡಬೇಕಾದ್ದು 739.5ರಿಂದ 740ರ ನಡುವೆ. ಎಸ್‌ಡಿಆರ್ ಕನ್ಸೋಲ್ ಎಂಬ ಉಚಿತ ತಂತ್ರಾಂಶ ತೆರೆದು 739.750ಕ್ಕೆ ಹೋಗಿ, ವ್ಯಾಪ್ತಿಯನ್ನು ಸುಮಾರು 2 ಮೆಗಾಹರ್ಟ್ಸ್‌ಗೆ ಇಡಿ.

ಬುಟ್ಟಿ ಹೊಂದಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಸೆಟ್‌ಟಾಪ್ ಬಾಕ್ಸ್ ಆಫ್ ಮಾಡಿದಾಗ ಪರದೆಯ ಗದ್ದಲದ ಮಟ್ಟ ಎದ್ದುಕಾಣುವಷ್ಟು ಇಳಿಯಬೇಕು. ಇಳಿದರೆ ಎಲ್‌ಎನ್‌ಬಿ ಜೀವಂತವಾಗಿದೆ, ಡಾಂಗಲ್‌ನ ಗೇನ್ (ಸಂಕೇತ ಹಿಗ್ಗಿಸುವ ಮಟ್ಟ) ಅಷ್ಟೇ ಸಾಕು. ಎಷ್ಟು ಬೇಕಾದರೂ ಏರಿಸಬಹುದೆಂದು ಗೇನ್ ಏರಿಸಿದರೆ ಇಲ್ಲದ ಸಂಕೇತಗಳು ಹುಟ್ಟಿಕೊಳ್ಳುತ್ತವೆ. 5ಜಿಯ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಫೋನ್‌ಗಳು ಕಳುಹಿಸುವುದು 703ರಿಂದ 748ರ ನಡುವೆ. ಡಾಂಗಲ್ ಪಕ್ಕದಲ್ಲಿ ಮೊಬೈಲ್ ಇಡದಿರುವುದೇ ಕ್ಷೇಮ.

ಈಗ ಒಬ್ಬರು ಪರದೆಯ ಮುಂದೆ, ಇನ್ನೊಬ್ಬರು ಸ್ಪ್ಯಾನರ್ ಹಿಡಿದು ತಾರಸಿಯಲ್ಲಿ. 60 ಸೆಂ.ಮೀ. ಬುಟ್ಟಿಯ ನೋಟದ ಅಗಲ ಸುಮಾರು 3 ಡಿಗ್ರಿ ಮಾತ್ರ. ಒಂದು ಡಿಗ್ರಿ ಸರಿಸಿ, ಎರಡು ಉಸಿರು ಕಾದು, ಮತ್ತೆ ಸರಿಸಿ. ಮೊದಲು ಕಾಣುವುದು ಪಟ್ಟಿಯ ನಟ್ಟನಡುವೆ, 10489.750ರಲ್ಲಿ (ಡಾಂಗಲ್‌ನ ಲೆಕ್ಕದಲ್ಲಿ 739.750), ಪರದೆಯ ಮೇಲಿಂದ ಕೆಳಕ್ಕೆ ಎಡೆಬಿಡದೆ ಇಳಿಯುವ, ಉಪಗ್ರಹದ ಗುರುತಿನ ಸಂಕೇತವಾದ ಬೀಕನ್‌ನ ಕಂಬ. ಅದು ಅತಿ ಗಟ್ಟಿಯಾದಲ್ಲಿ ಬೋಲ್ಟು ಬಿಗಿಯಿರಿ. ಎಲ್‌ಎನ್‌ಬಿ ಕೆಲವು ಹತ್ತು ಕಿಲೋಹರ್ಟ್ಸ್ ಆಚೀಚೆ ಇದ್ದೇ ಇರುತ್ತದೆ; ಈ ಬೀಕನ್‌ಗೆ ಬೀಗ ಹಾಕಿ ಜಾರುವಿಕೆಯನ್ನು ತಾನೇ ತಿದ್ದಿಕೊಳ್ಳುವ ಸೌಲಭ್ಯ ಎಸ್‌ಡಿಆರ್ ಕನ್ಸೋಲ್‌ನಲ್ಲಿದೆ.

ಬೀಕನ್‌ನ ಅಕ್ಕಪಕ್ಕ ಮಿಣುಕುವ ತೆಳು ಗೆರೆಗಳು ಮೋರ್ಸ್, ಬೆರಳಗಲದ ಒಡಕು ಗೆರೆಗಳು ಮಾತು. ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ವಿಧಾನ, 2.7 ಕಿಲೋಹರ್ಟ್ಸ್ ಅಗಲ ಆರಿಸಿ, ಬಾತುಕೋಳಿಯ ದನಿ ಮನುಷ್ಯರ ದನಿಯಾಗುವವರೆಗೆ ನಿಧಾನವಾಗಿ ಸರಿಸಿ. ವಿಯು2, ವಿಯು3 ಎಂದು ಶುರುವಾಗುವ ಕರೆಸಂಕೇತ ಕೇಳಿದರೆ ನಮ್ಮ ದೇಶದವರೇ. ಡಿಪಿ0ಜಿವಿಎನ್ ಎಂಬುದು ಕಿವಿಗೆ ಬಿದ್ದರೆ ಕೈಲಿದ್ದುದನ್ನು ಬಿಟ್ಟು ಕೇಳಿ: ಅದು ಅಂಟಾರ್ಕ್ಟಿಕಾದ ಜರ್ಮನ್ ಸಂಶೋಧನಾ ನೆಲೆ ನ್ಯೂಮೇಯರ್‌ನ ಕೇಂದ್ರ.

ಕೇಳಿ ಕೇಳಿ ಮಾತನಾಡುವ ಮನಸ್ಸಾದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬೇಕು. ಮೇಲಕ್ಕೆ ಕಳುಹಿಸುವುದು 2400 ಮೆಗಾಹರ್ಟ್ಸ್‌ನಲ್ಲಿ, ಅದಕ್ಕೆ ಬೇರೆಯೇ ಸಲಕರಣೆ ಬೇಕು.