ಕಡಲಿನ ಎಂಜಲನ್ನು ತೋಟದ ಕೆರೆಯಲ್ಲಿ ನೋಡುವ ಬಗೆ

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರಿನ ಕಡಲು. ಆದರೂ ನನ್ನ ಹೈಸ್ಕೂಲ್ ಮಕ್ಕಳಿಗೆ ಈ ಪಾಠ ಮಾಡುವುದು ಕಾಫಿ ತೋಟದ ಕೆರೆಯಲ್ಲೇ.

ಕಡಲಲ್ಲಿ ಕೋಪೆಪಾಡ್ ಎಂಬ ಪುಟ್ಟ ಜೀವಿ ಪಾಚಿ ತಿನ್ನುತ್ತದೆ, ಆದರೆ ನೀಟಾಗಿ ತಿನ್ನುವುದಿಲ್ಲ. ಕಚ್ಚಿದಾಗ ರಸ ಸೋರುತ್ತದೆ. ಹಿಕ್ಕೆಯಿಂದಲೂ ಒಂದಿಷ್ಟು ನೀರಿಗೆ ಕರಗುತ್ತದೆ. ಈ ಎಂಜಲಿಗೆ ಕಾದಿರುವವು ಬ್ಯಾಕ್ಟೀರಿಯಾ, ಒಂದು ಮಿಲಿಲೀಟರ್ ಕಡಲ ನೀರಲ್ಲಿ ಸುಮಾರು 10 ಲಕ್ಷ. ಅವಕ್ಕೆ ಬಾಯಿ ಎಲ್ಲಿದೆ? ಅಮಿನೋ ಆಮ್ಲದಂಥ ಸಣ್ಣ ಅಣುವನ್ನು ನೇರ ಹೀರುತ್ತವೆ. ಪ್ರೋಟೀನ್ ಆದರೆ ಕಿಣ್ವ ಬಿಟ್ಟು ಹೊರಗೇ ತುಂಡು ಮಾಡಿಕೊಳ್ಳುತ್ತವೆ. ಬ್ಯಾಕ್ಟೀರಿಯಾವನ್ನು ಅದಕ್ಕಿಂತ ದೊಡ್ಡ ಏಕಕೋಶ ಜೀವಿ ತಿಂದು, ಅದನ್ನು ಕೋಪೆಪಾಡ್ ತಿಂದರೆ ಎಂಜಲು ಮತ್ತೆ ತಟ್ಟೆಗೆ ಬಂತು. ಕಡಲ ವಿಜ್ಞಾನಿ ಫಾರೂಕ್ ಅಜಾಮ್ ಮತ್ತು ಜೊತೆಗಾರರು 1983ರಲ್ಲಿ ಇದಕ್ಕೆ ಮೈಕ್ರೋಬಿಯಲ್ ಲೂಪ್, ಅಂದರೆ ಸೂಕ್ಷ್ಮಜೀವಿಗಳ ಸುತ್ತು, ಎಂದು ಹೆಸರಿಟ್ಟರು.

ತಿಂದದ್ದರಲ್ಲಿ ದೊಡ್ಡ ಪಾಲನ್ನು ಬ್ಯಾಕ್ಟೀರಿಯಾ ಉಸಿರಾಟಕ್ಕೆ ಸುಡುತ್ತದೆ. ನಾವು ಹಿಡಿಯುವುದು ಆ ಉಸಿರನ್ನು, ಅಂದರೆ ಅದು ನೀರಿನಿಂದ ಬಳಸಿದ ಆಮ್ಲಜನಕವನ್ನು.

ಕತ್ತಲಾದ ಮೇಲೆ ಕೆರೆಯಂಚಲ್ಲಿ ಟಾರ್ಚ್ ಹಿಡಿಯಿರಿ. ಬೆಳಕಿಗೆ ಡಾಫ್ನಿಯಾ ಎಂಬ ಪುಟ್ಟ ನೀರುಜೀವಿ, ಕೋಪೆಪಾಡ್ ಸೇರುತ್ತವೆ. ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಇನ್ನೂರರಷ್ಟು ಹಿಡಿಯಿರಿ. ಎರಡು ಲೀಟರ್ ಕೆರೆ ನೀರನ್ನು ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ, ಎರಡು ಪಾತ್ರೆಗೆ ಹಂಚಿ. ಒಂದಕ್ಕೆ ಮಾತ್ರ ಜೀವಿಗಳನ್ನು ಬಿಡಿ. ನಾಲ್ಕು ಗಂಟೆ ಕಳೆದು ಅವನ್ನು ಸೋಸಿ ಕೆರೆಗೇ ಬಿಟ್ಟುಬಿಡಿ.

ಅಷ್ಟರಲ್ಲಿ ಅವೂ ಆಮ್ಲಜನಕ ಬಳಸಿರುತ್ತವೆ ಅಲ್ವಾ? ಅದಕ್ಕೇ ಎರಡೂ ನೀರನ್ನು ಕಾಫಿ ಆರಿಸುವ ಹಾಗೆ ಎತ್ತಿ ಸುರಿಯಿರಿ, ಹತ್ತಿಪ್ಪತ್ತು ಸಲ. ಆಮೇಲೆ ಗಾಜಿನ ಬಾಟಲಿಗೆ ತುಂಬಿ ತುಳುಕುವಷ್ಟು ಹಾಕಿ, ಒಂದು ಗುಳ್ಳೆಯೂ ಇಲ್ಲದಂತೆ ಮುಚ್ಚಿ. ಕಪ್ಪು ಬಟ್ಟೆ ಸುತ್ತಿ ಎರಡು ದಿನ ಇಡಿ. ಮೊದಲ ಸಲ ನಾನು ಸುಮ್ನೆ ಜಗುಲಿಯಲ್ಲಿ ಬಿಸಿಲಿಗಿಟ್ಟಿದ್ದೆ. ಫಿಲ್ಟರ್ ದಾಟಿದ್ದ ಪಾಚಿ ಆಮ್ಲಜನಕ ಉಗುಳಿ, ಎರಡು ಬಾಟಲಿಯೂ ಒಂದೇ ಥರ ಕಂಡವು. ಮಕ್ಕಳು ನಕ್ಕರು.

ಮೀನು ಸಾಕುವವರು ಬಳಸುವ ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದ ಕಿಟ್ ಬೇಕು. ಗ್ಲೌಸ್ ಹಾಕಿ, ಅದರಲ್ಲಿ ಕ್ಷಾರವಿದೆ. ಮೊದಲ ಎರಡು ದ್ರವ ಬಿಟ್ಟು ಅಲುಗಿಸಿದರೆ ಮೋಡದಂತೆ ಗಷ್ಟು ಇಳಿಯುತ್ತದೆ. ಆಮ್ಲಜನಕ ಜಾಸ್ತಿ ಇದ್ದರೆ ಕಡು ಕಂದು, ಪೂರ್ತಿ ಮುಗಿದಿದ್ದರೆ ಬಿಳಿ. ಎರಡನೇ ಸಲ ನಮ್ಮ ಬರೀ ನೀರಿನ ಬಾಟಲಿ ಡಿಕಾಕ್ಷನ್ ಬಣ್ಣ, ಎಂಜಲು ನೀರಿನದು ಹಾಲು ಜಾಸ್ತಿಯಾದ ಕಾಫಿ.

ಕಿಟ್ ಹಾಕಿದ ನೀರನ್ನು ಕೆರೆಗೆ ಸುರಿಯಬೇಡಿ.