ನನ್ನ ಡೇಟಾಬೇಸ್ ಪದರದಲ್ಲಿ ಏನಿದೆ, ಏನಿಲ್ಲ

ಅಪ್ಲಿಕೇಶನ್‌ಗೂ ಡೇಟಾಬೇಸ್‌ಗೂ ನಡುವೆ ತೆಳುವಾದ ಒಂದು ಪದರ ಬರೆಯಲು ಕೂತಾಗ, ಡೇಟಾಬೇಸ್ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯುಎಲ್ ಅನ್ನು ಮರೆಮಾಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಟೇಬಲ್‌ಗಳನ್ನು ಜೋಡಿಸುವ ಜಾಯಿನ್, ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಎಲ್ಲವನ್ನೂ ಫಂಕ್ಷನ್‌ಗಳಾಗಿ ಕಟ್ಟಲು ಹೊರಟರೆ ಅರೆಬರೆ ಹೊಸ ಭಾಷೆಯೊಂದು ಹುಟ್ಟಿಕೊಳ್ಳುತ್ತದೆ. ಎಸ್‌ಕ್ಯುಎಲ್ ಬಲ್ಲವರೂ ಅದನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ.

ಹಾಗಾಗಿ ಪದರಕ್ಕೆ ನಾಲ್ಕೇ ಕೆಲಸ: ಹಲವು ಸಾಲು ತರುವುದು, ಒಂದೇ ಸಾಲು ತರುವುದು, ಡೇಟಾ ಬದಲಿಸುವುದು, ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗುವ, ಇಲ್ಲವೇ ಪೂರ್ತಿ ರದ್ದಾಗುವ ಬದಲಾವಣೆಗಳ ಗುಂಪು) ನಡೆಸುವುದು. ಭಾಷೆ ಪೈಥಾನ್. ಡೇಟಾಬೇಸ್ ಎರಡು: ನಿಜವಾದ ಬಳಕೆಗೆ ಪೋಸ್ಟ್‌ಗ್ರೆಸ್, ಟೆಸ್ಟ್‌ಗೆ ಎಸ್‌ಕ್ಯುಲೈಟ್.

ಪೈಥಾನ್‌ನ ಬಹುತೇಕ ಡ್ರೈವರ್‌ಗಳು (ಡೇಟಾಬೇಸ್‌ಗೆ ಸಂಪರ್ಕ ಕಲ್ಪಿಸುವ ಲೈಬ್ರರಿಗಳು) ಪಾಲಿಸುವ ಪಿಇಪಿ 249 ಎಂಬ ಮಾನದಂಡ ಇದ್ದರೂ, ಕ್ವೆರಿಯಲ್ಲಿ, ಅಂದರೆ ಎಸ್‌ಕ್ಯುಎಲ್ ಆದೇಶದಲ್ಲಿ, ಮೌಲ್ಯದ ಜಾಗ ಗುರುತಿಸಲು ಆ ಮಾನದಂಡವೇ ಐದು ಶೈಲಿಗಳನ್ನು ಒಪ್ಪುತ್ತದೆ. ನಾನು ಎಲ್ಲ ಕಡೆ ಕೋಲನ್ ಹಾಕಿದ ಹೆಸರನ್ನೇ ಬಳಸಿದೆ. ಎಸ್‌ಕ್ಯುಲೈಟ್‌ಗೆ ಅದು ಹಾಗೇ ನಡೆಯುತ್ತದೆ. ಪೋಸ್ಟ್‌ಗ್ರೆಸ್‌ನ ಡ್ರೈವರ್ ಆದ ಸೈಕೊಪಿಜಿಗೆ ಮಾತ್ರ ಶೇಕಡಾ ಚಿಹ್ನೆಯ ಶೈಲಿಗೆ ಬದಲಿಸಿ ಕೊಡಬೇಕು. ಇದಕ್ಕೆ ಒಂದು ಸಾಲಿನ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಸಾಲದು. '10:30' ಎಂಬ ಸ್ಟ್ರಿಂಗ್‌ನೊಳಗಿನ ಕೋಲನ್ ಮುಟ್ಟಬಾರದು, ಪೋಸ್ಟ್‌ಗ್ರೆಸ್‌ನಲ್ಲಿ ಟೈಪ್ ಬದಲಿಸುವ ಜೋಡಿ ಕೋಲನ್ (::) ಅನ್ನೂ ಮುಟ್ಟಬಾರದು, ಪಠ್ಯ ಹುಡುಕುವ ಲೈಕ್ ಜೊತೆ ಬರುವ % ಅನ್ನು %% ಮಾಡಬೇಕು. ಅದಕ್ಕೇ ಅಕ್ಷರ ಅಕ್ಷರವಾಗಿ ಓದುವ ಪುಟ್ಟ ಸ್ಕ್ಯಾನರ್ ಬರೆದೆ. ಮೌಲ್ಯಗಳು ಮಾತ್ರ ಯಾವತ್ತೂ ಕ್ವೆರಿಯ ಸ್ಟ್ರಿಂಗ್‌ಗೆ ಸೇರುವುದಿಲ್ಲ, ಡ್ರೈವರ್‌ಗೆ ಪ್ರತ್ಯೇಕವಾಗಿಯೇ ಹೋಗುತ್ತವೆ. ಮೌಲ್ಯದ ವೇಷದಲ್ಲಿ ಆದೇಶ ನುಗ್ಗಿಸುವ ದಾಳಿಗೆ, ಅಂದರೆ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ, ದಾರಿ ಮುಚ್ಚುವುದು ಅಲ್ಲೇ.

ಹೆಚ್ಚು ಯೋಚಿಸಿದ್ದು ಟ್ರಾನ್ಸಾಕ್ಷನ್ ಬಗ್ಗೆ. ಟ್ರಾನ್ಸಾಕ್ಷನ್‌ನೊಳಗಿರುವ ಫಂಕ್ಷನ್ ಇನ್ನೊಂದನ್ನು ಕರೆದು, ಅದೂ ಟ್ರಾನ್ಸಾಕ್ಷನ್ ಶುರು ಮಾಡಿದರೆ? ಆಳ ಎಣಿಸುವ ಒಂದು ಕೌಂಟರ್ ಇಟ್ಟೆ. ಹೊರಗಿನದಕ್ಕೆ ನಿಜವಾದ ಬಿಗಿನ್ (ಆರಂಭ), ಕಮಿಟ್ (ಖಾಯಂ ಮಾಡುವುದು), ಒಳಗಿನವಕ್ಕೆ ಸೇವ್‌ಪಾಯಿಂಟ್, ಅಂದರೆ ಟ್ರಾನ್ಸಾಕ್ಷನ್ ನಡುವೆ ಹಿಂದಿರುಗಬಹುದಾದ ಗುರುತು. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ನಡುವೆ ಒಂದು ಸ್ಟೇಟ್‌ಮೆಂಟ್ ಸೋತರೆ, ರೋಲ್‌ಬ್ಯಾಕ್ (ಪೂರ್ತಿಯಾಗಿ ಇಲ್ಲವೇ ಸೇವ್‌ಪಾಯಿಂಟ್‌ವರೆಗೆ ರದ್ದು) ಆಗುವವರೆಗೆ ಮುಂದಿನ ಒಂದು ಕ್ವೆರಿಯೂ ಓಡುವುದಿಲ್ಲ. ಎಸ್‌ಕ್ಯುಲೈಟ್‌ನಲ್ಲಿ ಡೂಪ್ಲಿಕೇಟ್ ಕೀ (ಒಂದೇ ಇರಬೇಕಾದ ಮೌಲ್ಯ ಎರಡನೇ ಸಲ ಬರುವುದು) ತಪ್ಪು ಬಂದರೆ ಆ ಸ್ಟೇಟ್‌ಮೆಂಟ್ ಮಾತ್ರ ಬಿದ್ದುಹೋಗಿ, ಉಳಿದದ್ದು ಸಾಗುತ್ತದೆ. ಎರಡರಲ್ಲೂ ಒಂದೇ ನಡವಳಿಕೆ ಬೇಕೆಂದರೆ ಸೇವ್‌ಪಾಯಿಂಟ್ ಬೇಕೇ ಬೇಕು.

ಎರರ್‌ಗಳ ಕಥೆ ಚಿಕ್ಕದು: ಡೂಪ್ಲಿಕೇಟ್ ಕೀ, ಸಂಪರ್ಕ ಕಡಿತ, ಉಳಿದದ್ದು ಎಂದು ಮೂರೇ ಎಕ್ಸೆಪ್ಶನ್ ಮಾಡಿದೆ.

ನಲ್ (ಮೌಲ್ಯವಿಲ್ಲದ ಖಾಲಿ ಜಾಗ) ವಿಂಗಡಣೆಯನ್ನು ಪದರದೊಳಗೆ ತರಲಿಲ್ಲ. ಏರಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ನಲ್‌ಗಳನ್ನು ಕೊನೆಗೆ ಇಡುತ್ತದೆ, ಎಸ್‌ಕ್ಯುಲೈಟ್ ಮೊದಲಿಗೆ. 2019ರಿಂದ ಎಸ್‌ಕ್ಯುಲೈಟ್‌ಗೂ 'ನಲ್ಸ್ ಲಾಸ್ಟ್' (ನಲ್‌ಗಳು ಕೊನೆಗೆ) ಅರ್ಥವಾಗುವುದರಿಂದ, ಕ್ರಮ ಮುಖ್ಯವಾದ ಕಡೆ ಅದನ್ನು ಕ್ವೆರಿಯಲ್ಲೇ ಬರೆಯುತ್ತೇನೆ.