‘ಡಿಸ್ಮಲ್’ ಪದವನ್ನು ನಾನು ಅನುವಾದಿಸಿದ ಬಗೆ

ಅರ್ಥಶಾಸ್ತ್ರದ ಇತಿಹಾಸ ಕುರಿತ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುವಾಗ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ‘ಡಿಸ್ಮಲ್’ ಎಂಬ ವಿಶೇಷಣ. ನಿಘಂಟುಗಳು ವಿಷಣ್ಣ, ಮಂಕಾದ, ನಿರಾಶಾದಾಯಕ ಎಂದು ಸಮಾನಪದಗಳನ್ನು ಸಾಲಾಗಿ ಕೊಡುತ್ತವಾದರೂ ಯಾವುದು ಎಲ್ಲಿಗೆ ಸಲ್ಲುತ್ತದೆ ಎಂದು ಹೇಳುವುದಿಲ್ಲವಾದ್ದರಿಂದ, ಮೊದಲು ಪದದ ಮೂಲವನ್ನೂ ಆಮೇಲೆ ಅದು ಯಾವ ಯಾವ ನಾಮಪದಗಳ ಜೊತೆ ಬರುತ್ತದೆ ಎಂಬುದನ್ನೂ ನೋಡುತ್ತ ಹೋದೆ.

ಮೂಲದಲ್ಲಿ ಇದು ವಿಶೇಷಣವೇ ಅಲ್ಲ. ಲ್ಯಾಟಿನ್ನಿನಲ್ಲಿ ‘ದಿಯೆಸ್ ಮಾಲಿ’ ಎಂದರೆ ಕೆಟ್ಟ ದಿನಗಳು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಮಧ್ಯಯುಗದ ಯುರೋಪಿನ ಪಂಚಾಂಗಗಳು ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ದಿನಗಳನ್ನು ಅಶುಭವೆಂದು ಗುರುತಿಸುತ್ತಿದ್ದವು. (ರಾಹುಕಾಲ ನೋಡಿ ಮನೆ ಬಿಡುವ ನಮಗೆ ಇದನ್ನು ವಿವರಿಸಬೇಕಿಲ್ಲ.) ಮೂಲಾರ್ಥ ಮರೆತುಹೋದ ಮೇಲೆ ಇಂಗ್ಲಿಷರು ಅದಕ್ಕೆ ಇನ್ನೊಮ್ಮೆ ‘ದಿನ’ ಎಂದು ಸೇರಿಸಿಕೊಂಡರು, ಹೀಗೆ ಅದು ವಿಶೇಷಣವಾಯಿತು.

ಹವೆ, ಕೋಣೆ, ಊರುಗಳ ಜೊತೆ ಬಂದಾಗ ‘ಮಂಕು ಕವಿದ’ ಅಥವಾ ‘ಬಿಕೋ ಎನ್ನುವ’ ಎಂದು ಬರೆದೆ. ಕ್ರಿಕೆಟ್ ತಂಡದ ಪ್ರದರ್ಶನಕ್ಕೋ ಪರೀಕ್ಷೆಯ ಫಲಿತಾಂಶಕ್ಕೋ ಅದೇ ಪದ ಅಂಟಿದಾಗ ಅಲ್ಲಿ ವಿಷಾದವಿಲ್ಲ, ಬರೀ ತೆಗಳಿಕೆಯಿದೆ. ಅದಕ್ಕೆ ‘ಹೀನಾಯ’, ‘ಕಳಪೆ’ ಸಾಕು. ‘ವಿಷಣ್ಣ ಪ್ರದರ್ಶನ’ ಎಂದರೆ ಆಟಗಾರರು ಕಣ್ಣೀರಿಡುತ್ತ ಆಡಿದರೆಂದು ಓದುಗರು ತಿಳಿದಾರು.

ನಿಜವಾಗಿ ಕಾಡಿದ್ದು ಅರ್ಥಶಾಸ್ತ್ರಕ್ಕೆ ಅಂಟಿದ ‘ಡಿಸ್ಮಲ್ ಸೈನ್ಸ್’ ಎಂಬ ಅಡ್ಡಹೆಸರು. ಜನಸಂಖ್ಯೆ ಆಹಾರದ ಉತ್ಪಾದನೆಯನ್ನು ಮೀರಿ ಬೆಳೆಯುತ್ತದೆಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಮಾಲ್ಥಸನ ಕರಾಳ ಲೆಕ್ಕಾಚಾರದಿಂದಲೇ ಈ ಹೆಸರು ಹುಟ್ಟಿತೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸ್ಕಾಟಿಷ್ ಲೇಖಕ ಥಾಮಸ್ ಕಾರ್ಲೈಲ್ ಈ ಮಾತನ್ನು ಬಳಸಿದ್ದು, ವೆಸ್ಟ್ ಇಂಡೀಸಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರನ್ನು ಬಲವಂತದಿಂದ ದುಡಿಸಬೇಕೆಂದು ವಾದಿಸಿದ 1849ರ ಲೇಖನದಲ್ಲಿ. ಅರ್ಥಶಾಸ್ತ್ರವು ಬೇಡಿಕೆ ಮತ್ತು ಪೂರೈಕೆಗೆ ಎಲ್ಲವನ್ನೂ ಬಿಟ್ಟು, ಮನುಷ್ಯರನ್ನು ಅವರ ಪಾಡಿಗೆ ಇರಲು ಬಿಡುವ ಶಾಸ್ತ್ರವೆಂಬುದೇ ಅವನ ಸಿಟ್ಟಿಗೆ ಕಾರಣ. ಅವನಿಗೆ ಮರುವರ್ಷವೇ ಇಂಗ್ಲಿಷ್ ತತ್ತ್ವಜ್ಞಾನಿ, ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ ಉತ್ತರ ಕೊಟ್ಟ. ಇಷ್ಟು ತಿಳಿದ ಮೇಲೆ ‘ವಿಷಾದಶಾಸ್ತ್ರ’ ಎಂಬ ಗಂಭೀರ ಪದ ನನಗೆ ಒಗ್ಗಲಿಲ್ಲ, ಏಕೆಂದರೆ ಅದರಲ್ಲಿ ಕಾರ್ಲೈಲನ ಹೀಯಾಳಿಕೆಯೇ ಕಾಣೆಯಾಗುತ್ತದೆ. ‘ಅಳುಮೋರೆಯ ಶಾಸ್ತ್ರ’ ಎಂದು ಬರೆದು, ಸಂದರ್ಭವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟೆ.

ಅಮೆರಿಕದ ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ, ಒಡೆಯರಿಂದ ತಪ್ಪಿಸಿಕೊಂಡ ಗುಲಾಮರು ಅಡಗಿ ಬಾಳಿದ ‘ಗ್ರೇಟ್ ಡಿಸ್ಮಲ್ ಸ್ವಾಂಪ್’ ಎಂಬ ಜೌಗುಪ್ರದೇಶದ ಹೆಸರನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡೆ.